ಬೀಡಿ ಪುಸ್ತಕದ ಹಿಂದಿನ ಹಾಳೆಗಳು

ಜೆಪ್ಪುವಿನ ನಮ್ಮ ಓಣಿಗೆ ಸಂಜೆ ಬರುವುದು
ಮುಚ್ಚಿದ ಹಂಚಿನ ಕಾರ್ಖಾನೆಯ ಚಿಮಣಿಯ ನೆರಳಾಗಿ.
ಅದು ನಮ್ಮ ಮೆಟ್ಟಿಲು ಮುಟ್ಟಿತೆಂದರೆ
ಅಮ್ಮ ಮೊರವನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು:
ನೆನೆದ ಎಲೆ, ಕತ್ತರಿ, ಹೊಗೆಸೊಪ್ಪಿನ ಪುಡಿ, ಕೆಂಪು ನೂಲು.

ಒಂದು ಬೀಡಿಗೆ ಒಂದು ಉಸಿರು.
ಇಪ್ಪತ್ತೈದಕ್ಕೆ ಒಂದು ಕಟ್ಟು.
ಒಂದು ಕಟ್ಟಿಗೆ ಒಂದು ಹೆಸರು.

"ಎಡ್ನಾ ಬಾಯಿ, ಹೊಗೆಸೊಪ್ಪಿನ ಕೈಯಲ್ಲಿ ಪ್ರಾರ್ಥನೆಯೇ?"
ಸಭೆಯ ಅಯ್ಯನವರು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದ್ದರು.
"ಕೈ ತೊಳೆದು ಕೂತರೆ ಅಕ್ಕಿಗೆ ಯಾರು, ಅಯ್ಯಾ?" ಎಂದು
ಅವರಿಗೂ ಒಂದು ಲೋಟ ಬೆಲ್ಲದ ಕಾಫಿ ಕೊಟ್ಟಳು.
ಆ ಸಂಜೆಯ ಕಡೆಯ ಕಟ್ಟು
ಅಯ್ಯನವರ ಮಂಡಿನೋವಿಗೆ ಹೋಯಿತು.

ಒಂದೇ ಪುಸ್ತಕ. ಮುಂದಿನಿಂದ ಬ್ರಾಂಚಿನ ಲೆಕ್ಕ,
ಹಿಂದಿನಿಂದ ಓಣಿಯ ಲೆಕ್ಕ:
ಐಸಮ್ಮನ ಮಗಳಿಗೆ ಏಳನೇ ತಿಂಗಳು, ಕಾಲು ಬಾವು.
ಸೇಸಕ್ಕನ ಗಂಡ ಬೋಟಿಗೆ ಹೋಗಿ ಹನ್ನೊಂದು ದಿನ.
ಹಿಲ್ಡಾ ಬಾಯಿ ಅಣ್ಣನೊಡನೆ ಮಾತು ಬಿಟ್ಟಿದ್ದಾಳೆ, ಬಾವಿಯ ವಿಷಯ.
ಪೋಸ್ಟ್‌ಮನ್ ವಾಮನ, ಕುಡಿತ. ಮೂರನೇ ಸಲ.
ಕಾರ್ಖಾನೆ ಗೇಟಿನ ನಾಯಿ, ಕುಂಟುತ್ತದೆ.

ಕರಪತ್ರ ಹಂಚಿದವಳಲ್ಲ.
"ಇದನ್ನೆಲ್ಲ ಯಾರ ಹತ್ತಿರ ಹೇಳ್ತೀರಿ?" ಎಂದು ಕೇಳಿದವರಿಗೆ ಮಾತ್ರ
ಅಳುಕದೆ ಹೇಳುವಳು: "ಯೇಸುಸ್ವಾಮಿಯ ಹತ್ತಿರ.
ಅವನದೂ ಬಡಗಿಯ ಕೈ, ದಡ್ಡುಗಟ್ಟಿದ್ದು.
ಸಂಜೆಯ ಕೂಲಿ ಅಂದರೇನೆಂದು ಬಲ್ಲ."
ಆಮೆನ್ ಆದ ಮೇಲೆ ನನ್ನ ಕೆಲಸ:
ಗಂಜಿಯ ಪಾತ್ರೆಗೆ ಬಾಳೆಲೆ ಮುಚ್ಚಿ
ಆ ಹೆಸರಿನ ಮನೆಗೆ ಓಡುವುದು,
ಬಿಸಿ ಆರುವ ಮೊದಲು.

ಹದಿನೇಳಕ್ಕೆ ಕಣ್ಣು ಮುಚ್ಚುವುದು ಬಿಟ್ಟೆ.
ಗೂಡಿನ ಧೂಳು ಕೆಮ್ಮಿ ಕೆಮ್ಮಿ ಅಪ್ಪ ಹೋದ ವರ್ಷ.
ಅವರ ಹೆಸರಿಗೆ ನಾನೂರ ಹನ್ನೆರಡು ಕಟ್ಟು ಕಟ್ಟಿದ್ದಳು ಅಮ್ಮ.
ನಾನು ಎಣಿಸಿದ್ದೆ.
ಅವಳು ಎಣಿಸಿರಲಿಲ್ಲ.

ಈಗ ಅವಳ ಬಲಗೈ
ಹಾಸಿಗೆಯ ಮೇಲೆ ಯಾರೋ ಮರೆತು ಹೋದ ವಸ್ತು.
ಬಾಯಲ್ಲಿ ಉಳಿದದ್ದು ಒಂದೇ ಪದ, ನೂಲು.
ನೀರಿಗೆ ನೂಲು, ನೋವಿಗೆ ನೂಲು,
ನನ್ನನ್ನು ಕರೆಯುವುದೂ ಅದರಿಂದಲೇ.

ಮಂಗಳವಾರ ಸೇಸಕ್ಕ ಮೀನಿನ ಬುಟ್ಟಿ ಇಳಿಸಿ
ಮೆಟ್ಟಿಲಲ್ಲೇ ಕೂತಳು. "ಎನ್ನ ಪುದರ್ ಉಂಡಾ?"
ಹೆಸರು ಇತ್ತು. ತೋರಿಸಿದೆ.
"ನನಗೆ ತೋರಿಸಿ ಏನು? ಓದು, ಮಗಾ.
ದೈವಕ್ಕೆ ಹೂವು ಕೊಟ್ಟೇ ಬಂದಿದ್ದೇನೆ, ಅದು ಅಲ್ಲಿಯದು.
ಇಲ್ಲಿಯದು ನಿಮ್ಮಮ್ಮನ ಬಾಯಿಂದ ಆಗುತ್ತಿತ್ತು,
ಅವಳಿಗಾಗದಿದ್ದರೆ ನೀನು."
ಗೋಡೆಯಾಚೆಯಿಂದ ಐಸಮ್ಮ, ಕಂಕುಳಲ್ಲಿ ಮೊಮ್ಮಗು.
ಹಿಲ್ಡಾ ಬಾಯಿ ಬಂದಳು, ಬೆರಳಲ್ಲಿ ಅರ್ಧಕ್ಕೆ ನಿಂತ ಜಪಮಣಿ.

"ನನಗೆ ನಂಬಿಕೆಯಿಲ್ಲ ಸೇಸಕ್ಕ."
"ಅದನ್ನು ಯಾರು ಕೇಳಿದರು?
ಓದಲು ಬರುತ್ತದಲ್ಲ?"

ಓದಿದೆ.
ಮೊದಲು ಪಡಿತರದ ಪಟ್ಟಿ ಓದುವವನ ಹಾಗೆ,
ಆಮೇಲೆ ವಾಮನನ ಹೆಸರಲ್ಲಿ ಯಾಕೋ ಸ್ವಲ್ಪ ತಡೆದು.
ಪ್ರತಿ ಹೆಸರಿಗೂ ಅಮ್ಮ, ನೂಲು.
ಎಡಗೈಯ ಎರಡು ಬೆರಳು ಗಾಳಿಯಲ್ಲಿ
ಏನನ್ನೋ ಸುತ್ತಿ, ಬಿಗಿದು, ಕಡಿಯುತ್ತಿದ್ದವು.
ಸೇಸಕ್ಕನ ಕೈಯಿಂದ ಒಂದು ಹುರುಪೆ ಹಾಳೆಗೆ ಹತ್ತಿ
ಐಸಮ್ಮನ ಮಗಳ ಮೇಲೆ ಹೊಳೆಯುತ್ತಿತ್ತು.

ಕಡೆಯ ಸಾಲು ನನ್ನದು.
ಹೆಸರಷ್ಟೇ. ಮುಂದೆ ಕಾಯಿಲೆ ಬರೆದಿರಲಿಲ್ಲ.
ಅದನ್ನೂ ಓದಬೇಕೇ ಎಂದು ತಲೆಯೆತ್ತಿದರೆ
ಮೂವರೂ ಕಣ್ಣು ಮುಚ್ಚಿದ್ದರು.

ಮಡಿಲಲ್ಲಿ ಮೊರವಿಲ್ಲ, ಎಣಿಸಲು ಬೀಡಿಯಿಲ್ಲ.
ಒಂದು ಹೆಸರು ಮುಗಿಯಿತೆಂದು
ತಿಳಿಯುವುದು ಹೇಗೆ?
ಚಿಮಣಿಯ ನೆರಳು ಹೊಸ್ತಿಲು ದಾಟಿತ್ತು.
ಮತ್ತೆ ಮೊದಲಿನಿಂದ ಓದಿದೆ,
ಈ ಸಲ ಮೆಲ್ಲಗೆ.