ಚೆಕ್ಕುಬಂದಿ

ಮಾಲೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ಹೊಂಗೆಯಡಿ ಮೇಜಿಟ್ಟ ಪಿಳ್ಳಮುನಿಶಾಮಪ್ಪನವರು
ನನ್ನ ಕಾಗದಗಳನ್ನು ಮುಟ್ಟಲೇ ಇಲ್ಲ.
‘ಮೂಡಲಿಗೇನಿದೆ ತಾಯಿ?’

ರಸ್ತೆ, ಅಂದೆ. ಬ್ರೋಷರಿನಲ್ಲಿತ್ತು,
ಎರಡೂ ಬದಿ ತೆಂಗಿನಮರ ಸಮೇತ.

‘ನೋಡಿದ್ದೀರಾ?’

ನೋಡಿದ್ದೆ, ಭಾನುವಾರ, ವ್ಯಾನಿನ ಗಾಜಿನಿಂದ.
ಪುಕ್ಕಟೆ ಬಿರಿಯಾನಿ ಉಂಡವರ ನಡುವೆ
ಯಾರೋ ಚಪ್ಪಾಳೆ ತಟ್ಟಿದರೆಂದು ನಾನೂ ತಟ್ಟಿ
ಅಡ್ವಾನ್ಸು ಕೊಟ್ಟಿದ್ದೆ:
ಹನ್ನೊಂದು ವರ್ಷ ಮದುಮಗಳರ ಹುಬ್ಬು ತೀಡಿದ ದುಡ್ಡು.

ಅವರು ಕನ್ನಡಕ ಒರೆಸಿದರು.
‘ಮಂಗಳವಾರ ಹೋಗಿ, ಬಸ್ಸಲ್ಲಿ.
ಅಲ್ಲ, ಮಳೆ ಹುಯ್ದ ಮಾರನೇ ದಿನ ಹೋಗಿ.
ನಾಲ್ಕೂ ಕಲ್ಲು ತುಳಿದು ಬನ್ನಿ.
ಪಹಣಿ ನಾನು ಓದ್ತೀನಿ, ನೀರು ನೀವು ಓದಿ.
ಮಾರೋನಿಗೆ ಅಕ್ಕತಂಗೀರು ಎಷ್ಟು ಜನ, ಅದನ್ನೂ ಕೇಳಿ.
ನಾಳೆ ರೇಟು ಏರುತ್ತೆ ಅಂದರೆ
ನಾಳೇನೇ ಬರ್ತೀನಿ ಅನ್ನಿ.’

ಹೋದೆ.
ಇಟ್ಟಿಗೆಗೂಡಿನ ಹೊಗೆ ದಾಟಿದರೆ ಹಳದಿ ಬಳಿದ ಕಲ್ಲು,
ನಲವತ್ತೇಳು, ನನ್ನದು.
ಅದರ ಮೇಲೆ ಕೂತು ಕಾಲಿನ ಕೆಸರು ತೊಳೆಯುತ್ತಿದ್ದಳು
ಮೇಕೆ ಕಾಯುವವಳು.
‘ಸೈಟಾ? ಇಲ್ಲಾ?’
ಅವಳು ನಗಲಿಲ್ಲ.
‘ಹೋದ ವರ್ಷ ಈ ಕಲ್ಲು ಅಗೋ ಅಲ್ಲಿತ್ತು, ಕೆರೆಯೊಳಗೆ.
ನೀರು ಬಂದಂಗೆಲ್ಲ ಹಿಂದಕ್ಕೆ ನಡೀತದಮ್ಮ ಇದು.’

ಅಡ್ವಾನ್ಸು ಅರ್ಧ ಬಂತು.
ಉಳಿದರ್ಧಕ್ಕೆ ಫೋನು ಮಾಡುತ್ತಲೇ ಇದ್ದೇನೆ.

ಈಗ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡು
ಯಾರಾದರೂ ‘ಸೈಟು ತಗೊಂಡೆ ಅಕ್ಕಾ’ ಅಂದರೆ
ಒಂದು ಹುಬ್ಬು ಮುಗಿದಿರುತ್ತದೆ, ಇನ್ನೊಂದು ಬಾಕಿ,
ಹಲ್ಲಲ್ಲಿ ಕಚ್ಚಿದ ದಾರ ಬಿಟ್ಟು ಕೇಳುತ್ತೇನೆ:
ಮೂಡಲಿಗೇನಿದೆ?