ನಿಧಾನ, ಮುಂದೆ ಹರಳಿದೆ

ಅಂಗಡಿಯವನು ಕೇಳಿದನಂತೆ: ಎಷ್ಟು ಸಾಲು ದ್ರಾಕ್ಷಿ ನಿಮ್ಮದು?
ಸಾಲಿಲ್ಲ, ಒಂದು ಜಾಡಿ ಇದೆ, ಅಂದಳಂತೆ ಎತೆಲ್ಕಾ.
ಬಳ್ಳಿಗೆ ಸಿಂಪಡಿಸುವ ಮೈಲುತುತ್ತ, ಎರಡು ಕಿಲೋ,
ಮಡಿಲಲ್ಲಿಟ್ಟುಕೊಂಡು ಟ್ರಾಮಿನಲ್ಲಿ ತಂದಳು.
ಓಡಿಸುತ್ತಿದ್ದವನು ನಾನೇ.
ಟಿಕೆಟ್ಟು ತೋರಿಸಿದಳು, ಪೊಟ್ಟಣ ತೋರಿಸಲಿಲ್ಲ.

ಮೂವತ್ತು ವರ್ಷ ಬ್ರೆಡ್ಡು ಬೇಯಿಸಿದ ಕೈ.
ಮೊದಲ ದಿನ ಹಳೆಯ ಬಾಣಲೆಯಲ್ಲಿ ಚಿಟಿಕೆ ನೀಲಿ ಹುರಿದಳು.
ಅರ್ಧ ಗಡ್ಡ ಬೋಳಿಸಿದ್ದ ನನ್ನನ್ನು ಬಾ ಬಾ ಎಂದು ಕೂಗಿದಳು.
ನೀಲಿ ಹೋಗಿ ಬೂದಿಬಿಳುಪು.
"ಸತ್ತಿತಲ್ಲ" ಅಂದೆ.
"ತಡಿ" ಎಂದು ಒಂದು ಹನಿ ನೀರು ಬಿಟ್ಟಳು.
ಹೋದ ನೀಲಿ ಮರಳಿ ಬಂತು,
ಬರಿದೇ ಬರಲಿಲ್ಲ, ಬಿಸಿಯಾಗಿ ಬಂತು.
ಗಲ್ಲದ ಮೇಲೆ ಸೋಪಿನ ನೊರೆ ಒಣಗಿತು.

ಆಮೇಲೆ ಮನೆಗೆ ಕಾನೂನು ಬಂತು.
ಆ ಬಾಣಲೆ, ಆ ಚಮಚ ಇನ್ನು ಅಡುಗೆಗಿಲ್ಲ;
ಹಿಡಿಗೆ ಕೆಂಪು ದಾರ ಸುತ್ತಿದಳು.
ಜಾಡಿಯ ಮೇಲೆ ತಲೆಬುರುಡೆ ಬರೆದಳು, ಅದು ನಕ್ಕಂತಿತ್ತು;
ಅಳಿಸಿ ಬರೆದಳು. ಮತ್ತೂ ನಕ್ಕಿತು.

ಬಿಸಿನೀರಿಗೆ ಚಮಚ ಚಮಚ ಸುರಿದು,
ಸಾಕು ತಾಯಿ, ಇನ್ನು ಹಿಡಿಸದು ಎಂದು
ನೀರೇ ಕೈಮುಗಿಯುವ ತನಕ ಕಲಕಿ, ಸೋಸಿ, ಆರಿಸಿ,
ಅಕ್ಕಿಕಾಳಿನಷ್ಟು ಹರಳೊಂದನ್ನು
ಗಾಳದ ದಾರಕ್ಕೆ ಕಟ್ಟಿ ಇಳಿಬಿಟ್ಟಳು.
ಆ ಒಂದು ಗಂಟಿಗೆ ಮೂರು ಸಂಜೆ.
"ಇದರಿಂದ ಏನಾಗುತ್ತೆ?" ಕೇಳಿದೆ.
"ದೊಡ್ಡದಾಗುತ್ತೆ."

ಜಾಡಿ ಬಚ್ಚಲ ಕಿಟಕಿಯಲ್ಲಿ. ಕೆಳಗೆ ಸೆಗೆಡ್‌ನ ಬೀದಿ,
ಬೀದಿಯಲ್ಲಿ ಹಳಿ,
ಹಳಿಯ ಮೇಲೆ ದಿನಕ್ಕೆ ಹದಿನಾಲ್ಕು ಸಲ ನಾನು.

ಮೊದಲ ಹರಳಿಗೆ ಮೈತುಂಬ ಮೊಡವೆಯಂತೆ ಮರಿಹರಳು.
ಎತೆಲ್ಕಾ ಬಯ್ಯಲಿಲ್ಲ. ಮೀನಿನ ಸಾರಿಗೆ
ಕೆಂಪುಮೆಣಸಿನ ಪುಡಿ ಉದುರಿಸುತ್ತ
"ಟ್ರಾಮ್ ಬಂದಾಗಲೆಲ್ಲ ಜಾಡಿ ನಡುಗುತ್ತೆ" ಅಂದಳು,
ಉಪ್ಪು ಕೊಡು ಅಂದ ಹಾಗೆ.

ಮರುದಿನದಿಂದ, ಗಡಿಯಾರದಂಗಡಿಯ ತಿರುವು ದಾಟಿದೊಡನೆ,
ನನ್ನ ಎಡಗೈ ತಾನೇ ಹಿಂದಕ್ಕೆ ಬಂತು.
ಅಷ್ಟು ಟನ್ ಕಬ್ಬಿಣ
ತುಂಬಿದ ಕೊಡ ಹೊತ್ತವಳ ಹಾಗೆ ನಡೆಯಿತು
ಅಂಚೆಕಚೇರಿಯ ತನಕ.
ಶಾಲೆಯ ಹುಡುಗರು ಪಕ್ಕದಲ್ಲೇ ನಡೆದು
ನನ್ನನ್ನು ಹಿಂದೆ ಹಾಕಿ ಕೈಬೀಸಿದರು.
ಡಿಪೋದಿಂದ ಚೀಟಿ ಬಂತು:
ಪ್ರತಿ ಸುತ್ತಿಗೂ ಎರಡು ನಿಮಿಷ ತಡ, ಕಾರಣ ಬರೆಯಿರಿ.
ಏನೆಂದು ಬರೆಯಲಿ? ಹಳಿ ಸವೆದಿದೆ ಎಂದು ಬರೆದೆ.
ಬಂದು ಅಳೆದರು. ನಿಜವಾಗಿಯೂ ಸವೆದಿತ್ತು.

ತಿಸಾ ನದಿಯ ಅಂಚಿಗೆ ಹಿಮ ಕಟ್ಟಿತು.
ಜಾಡಿಯೊಳಗೆ ಅಕ್ಕಿಕಾಳು ಕಡಲೆಯಾಯಿತು,
ಕಡಲೆ ಬಾದಾಮಿಯಾಯಿತು.
ಒಂದು ಮೂಲೆಯೂ ನೇರವಿಲ್ಲ, ಎಲ್ಲ ಒಂದೇ ಕಡೆಗೆ ವಾಲಿದ್ದು,
ಯಾರೂ ಉಜ್ಜದೆ ಹೊಳೆಯುವ ಮುಖಗಳು.
ರಾತ್ರಿ ಎದ್ದವಳು ದೀಪ ಹಾಕದೆ
ಅದರ ಮುಂದೆ ಸುಮ್ಮನೆ ನಿಂತಿರುತ್ತಿದ್ದಳು.
ಬಚ್ಚಲಿಗೆ ಹೋಗಬೇಕಾಗಿದ್ದರೂ ನಾನು ಕಾಯುತ್ತಿದ್ದೆ.

ಫೆಬ್ರವರಿಯಲ್ಲಿ ನನಗೆ ಎರಡು ದಿನ ಜ್ವರ.
ನನ್ನ ಬದಲಿಗೆ ಬೆರ್ತಾಲನ್.
ಆ ಹುಡುಗ ಟ್ರಾಮ್ ಓಡಿಸುವುದಲ್ಲ, ಅಟ್ಟುತ್ತಾನೆ.
ಕಂಬಳಿಯೊಳಗಿಂದ ಎಣಿಸಿದೆ,
ಮಂಚದ ಬಳಿ ಲೋಟ, ಚಮಚ ಗಲಗಲ ಅಂದದ್ದು ಹದಿನಾಲ್ಕು ಸಲ.
ಎದ್ದು ನೋಡಿದರೆ ನನ್ನ ಸಮವಸ್ತ್ರದ ಕೋಟನ್ನು ಮಡಚಿ
ಜಾಡಿಯ ಅಡಿಗೆ ಇಟ್ಟಿದ್ದಳು.

ಈಸ್ಟರ್‌ಗೆ ಹೊರತೆಗೆದು, ಒರೆಸಿ,
ಬಣ್ಣವಿಲ್ಲದ ಉಗುರುಬಣ್ಣ ಬಳಿದಳು, ಗಾಳಿಗೆ ಬಿಳಿಚದಿರಲೆಂದು.
ಬೆಳಕಿಗೆ ಹಿಡಿದೆ.
ಒಳಗೆ, ಅಂಚಿಗೆ ಹತ್ತಿರ, ಕೂದಲೆಳೆಯಂಥ ಮಸುಕು ಗೆರೆ.
"ಏನಿದು?"
"ಒಂದು ರಾತ್ರಿ ಹೀಟರ್ ಕೆಟ್ಟಿತ್ತಲ್ಲ" ಅಂದಳು.
ನೆನಪಿಲ್ಲ. ವಾದಿಸಲಿಲ್ಲ.

ಈಗ ಪಟಿಕದ ಹರಳಂತೆ, ಅದು ಇನ್ನೂ ನಾಜೂಕಂತೆ.
ಮೇ ತಿಂಗಳಲ್ಲಿ ಹಳಿ ಬದಲಿಸಿದರು;
ಲೋಟದ ನೀರೂ ಅಲುಗುವುದಿಲ್ಲ.
ಆದರೂ ಗಡಿಯಾರದಂಗಡಿ ದಾಟಿದರೆ
ಎಡಗೈ ಮಾತು ಕೇಳುವುದಿಲ್ಲ.