ಎರಡು ಹಿಡಿ ಜೋಳದ ಹಿಟ್ಟು

ಕೋವಿ ಹಿಡಿದವನನ್ನು ಪೇಆ ಮೊದಲು ನೋಡುತ್ತದೆ,
ಅವನು ಅದನ್ನು ನೋಡುವುದು ಆಮೇಲೆ.
ತಿಬುರ್ಸಿಯೊ ಮೊದಲ ದಿನವೇ ಹೇಳಿದ್ದ,
ಉಸುಮಸಿಂತಾ ದಡದ ಕೆಸರಲ್ಲಿ ಮೊಣಕಾಲವರೆಗೆ ಹೂತು, ನಗುತ್ತ:
"ಇವುಗಳ ಬಾಯಿಂದಾಗಿ ನನ್ನಪ್ಪ ಒಂದು ಜಿಂಕೆಯನ್ನೂ ತಿನ್ನಲಿಲ್ಲ."

ಪುಸ್ತಕದಲ್ಲಿ ಕಂದು ಜೇ. ಇಲ್ಲಿ ಕೂಗಿದ್ದೇ ಹೆಸರು.
ಹತ್ತು ದಿನ ಬರೀ ನೋಡಿದೆ.
ಕೋಕೋ ತೋಟದ ಅಂಚು, ದನದ ಬೇಲಿ, ಅದರಾಚೆ ಸೆಕೆ.
ಒಲೆಯ ಮಸಿ ತೊಳೆದ ನೀರಿನ ಬಣ್ಣ,
ಹೊಟ್ಟೆಯ ಮೇಲಷ್ಟೇ ಮಾಸಲು ಬಿಳಿ;
ಚೆಂದವೆಂದು ಯಾರೂ ಸಾಕುವ ಹಕ್ಕಿಯಲ್ಲ.
ಪೇ-ಆ, ಪೇ-ಆ ಎಂದು ಊರಿಗೆಲ್ಲ ಡಂಗುರ ಹೊಡೆದು
ನಡುವೆ ಎದೆಯೊಳಗಿಂದ ಒಂದು ಬಿಕ್ಕಳಿಕೆ,
ಯಾರೋ ನೆನೆಸಿಕೊಂಡ ಹಾಗೆ.

ಗೂಡು ಒಂದು, ಉಣಿಸಲಿಕ್ಕೆ ಐದಾರು ಕೊಕ್ಕು.
ಪೂರಾ ಕಪ್ಪಾದವು ಹಿರಿಯವು,
ಹಳದಿಯವು ಮೊನ್ನೆ ಮೊನ್ನೆಯವು,
ಎರಡೂ ಕಲೆತವು ಅಕ್ಕನೋ ಅಣ್ಣನೋ —
ನನ್ನ ನೋಟ್‌ಬುಕ್ಕಿನಲ್ಲಿ ಬರೀ ಪ್ರಶ್ನೆಯ ಗುರುತು.
ಮ್ಯೂಸಿಯಮ್ಮಿನ ಕಾಗದ ಅಂಥವನ್ನೇ ಕೇಳಿತ್ತು:
ಹದಿನಾಲ್ಕು ಚರ್ಮ, ವಯಸ್ಸಿನ ಕ್ರಮದಲ್ಲಿ.

ಹನ್ನೊಂದನೆಯ ಬೆಳಿಗ್ಗೆ ಕೋವಿ ಎತ್ತಿದೆ.
ಬಿತ್ತು. ಹಾರಿಹೋಗಬೇಕಾದವು ಹೋಗಲಿಲ್ಲ.
ಇಳಿದು ಬಂದವು, ಟೋಪಿಗೆ ರೆಕ್ಕೆ ತಾಗುವಷ್ಟು ಹತ್ತಿರ,
ಬೈದವು. ಆ ಬೈಗುಳಕ್ಕೆ ನಿಘಂಟು ಬೇಕಿರಲಿಲ್ಲ.
ಇನ್ನೂ ನಾಲ್ಕು ಹೊಡೆಯಬಹುದಿತ್ತು, ಅಷ್ಟು ಸುಲಭ.
ತಿಬುರ್ಸಿಯೊ ಬೇಲಿಯ ತಂತಿ ನೋಡುತ್ತ ನಿಂತಿದ್ದ.

ಸಂಜೆ ಹಿಟ್ಟು ಕೇಳಿದೆ, ರಕ್ತ ಹೀರಲಿಕ್ಕೆ.
ಅವನ ಹೆಂಡತಿ ಕಾನ್ರಾದಾ ಮಡಕೆ ಹಿಂದಕ್ಕೆಳೆದುಕೊಂಡಳು.
"ಜೋಳ ಇರುವುದು ಮೈಯಾಗಲಿಕ್ಕೆ,
ಮೈ ಒರೆಸಲಿಕ್ಕಲ್ಲ."
ಆಮೇಲೆ ಏನನ್ನಿಸಿತೋ, ಎರಡು ಹಿಡಿ ಕೊಟ್ಟಳು,
ಬಾಳೆಲೆಯ ತುಂಡಿನಲ್ಲಿ, ಸತ್ತವರಿಗೆ ಎಡೆಯಿಡುವಂತೆ.

ಲಾಂದ್ರದಡಿ ಕತ್ತರಿ, ಹತ್ತಿ, ಪಾಷಾಣದ ಸೋಪು.
ಗಂಟಲು ಬಿಡಿಸಿದಾಗ ಸಿಕ್ಕಿದ್ದು
ಅರ್ಧ ಮಿಡತೆ, ನಜ್ಜಾಗದ ಒಂದು ಹಣ್ಣು.
ನುಂಗಿದ್ದಲ್ಲ. ಒಯ್ಯುತ್ತಿದ್ದದ್ದು.

ಕಾಲಿಗೆ ಚೀಟಿ ಕಟ್ಟಿದೆ: ತಾರೀಕು, ತೂಕ, ಹೆಣ್ಣು,
ಕೊಕ್ಕು ಅರ್ಧ ಹಳದಿ.
ಹಣ್ಣಿಗೆ ಖಾನೆ ಇರಲಿಲ್ಲ.

ಹದಿನಾಲ್ಕು ಬೇಕಿತ್ತು; ಒಂಬತ್ತು ಕಳಿಸಿದೆ.
ಒಂಬತ್ತೇ ಯಾಕೆಂದು ಅವರು ಕೇಳಲಿಲ್ಲ,
ಒಂಬತ್ತಾದರೂ ಯಾಕೆಂದು ಕಾನ್ರಾದಾ ಕೇಳಿದಳು.
ಮೊದಲನೆಯದು ಈಗಲೂ ಡ್ರಾಯರಿನಲ್ಲಿದೆಯಂತೆ, ಅಂಗಾತ;
ರೆಕ್ಕೆ ಎತ್ತಿದರೆ
ಚೂರು ಬೆಳ್ಳಗೆ ಉದುರುತ್ತದಂತೆ.